ಕ್ಯೂರಿಂಗ್ ವರ್ಕ್ಸ್‌ನ ಲಾಟ್‌ಗಳಿಗೆ ಕನ್‌ಸ್ಟ್ರೇಂಟ್ ಪ್ರೋಗ್ರಾಮಿಂಗ್‌ನಲ್ಲಿ ವೇಳಾಪಟ್ಟಿ: ಸಮಗ್ರ ಮಾರ್ಗದರ್ಶಿ

ಜನವರಿ ಬಂತೆಂದರೆ ಹಾಸನ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಕಾಳು ವಿಂಗಡಿಸುವ ಘಟಕಗಳಲ್ಲಿ) ಅರೇಬಿಕಾ ಇನ್ನೂ ಮುಗಿದಿರುವುದಿಲ್ಲ, ರೊಬಸ್ಟಾ ಬಂದು ಇಳಿಯತೊಡಗಿರುತ್ತದೆ. ಯಾವ ಲಾಟ್ (ಒಟ್ಟಿಗೆ ನಡೆಸುವ ಮೂಟೆಗಳ ಗುಂಪು) ಮೊದಲು ಹಲ್ಲರ್‌ಗೆ, ಅಂದರೆ ಸಿಪ್ಪೆ ತೆಗೆಯುವ ಯಂತ್ರಕ್ಕೆ, ಹೋಗಬೇಕು, ಯಾವುದು ನಾಳೆಗೆ ನಿಲ್ಲಬಹುದು ಎಂಬ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಲು ಹಲವರು ಹೊರಡುತ್ತಾರೆ. ಅದಕ್ಕೊಂದು ದಾರಿ ಕನ್‌ಸ್ಟ್ರೇಂಟ್ ಪ್ರೋಗ್ರಾಮಿಂಗ್: ಪಾಲಿಸಬೇಕಾದ ನಿಯಮಗಳನ್ನು, ಅಂದರೆ ನಿರ್ಬಂಧಗಳನ್ನು, ಒಂದು ಮಾದರಿಯಾಗಿ ಬರೆದುಕೊಟ್ಟು, ಅವೆಲ್ಲಕ್ಕೂ ಹೊಂದುವ ಉತ್ತರವನ್ನು ಸಾಲ್ವರ್ ಎಂಬ ತಂತ್ರಾಂಶದಿಂದ ಹುಡುಕಿಸುವುದು. ಘಟಕದ ಮೇಲ್ವಿಚಾರಕರೂ ಇದ್ದಾರೆ, ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದಾರೆ. ಎಲ್ಲರೂ ನಿಂತುಬಿಡುವುದು ಮೂರೇ ಜಾಗಗಳಲ್ಲಿ. ಪ್ರೋಗ್ರಾಂ ‘ಸಾಧ್ಯವಿಲ್ಲ’ ಎಂದು ಹೇಳಿ ಸುಮ್ಮನಾಗುತ್ತದೆ. ಇಲ್ಲವೇ ರಾತ್ರಿಯಿಡೀ ಓಡಿದರೂ ಮುಗಿಯುವುದಿಲ್ಲ. ಅದೂ ಅಲ್ಲವಾದರೆ ಯಂತ್ರದ ಮುಂದೆ ನಿಂತವರು ಒಪ್ಪಲಾಗದ ಪಟ್ಟಿಯೊಂದು ಹೊರಬರುತ್ತದೆ.

ಈ ಮೂರಕ್ಕೂ ಕಾರಣ ಸಾಲ್ವರ್ ಅಲ್ಲ. ನಲವತ್ತು ಲಾಟ್, ಎಂಟು ಯಂತ್ರ, ಊಟದ ಬಿಡುವು, ಲಾರಿಯ ಗಡುವು, ಇವೆಲ್ಲವನ್ನೂ ಒಂದೇ ಸಲಕ್ಕೆ ತುಂಬಿ ಓಡಿಸುವ ಆತುರವೇ ಕಾರಣ. ಒಂದು ನಿಯಮ ಸೇರಿಸಬೇಕು, ಓಡಿಸಬೇಕು, ಬಂದ ಉತ್ತರವನ್ನು ಕಾಗದದ ಮೇಲೆ ಮೊದಲೇ ಬಿಡಿಸಿಟ್ಟ ಉತ್ತರದೊಂದಿಗೆ ತಾಳೆ ನೋಡಬೇಕು, ಆಮೇಲೆ ಮುಂದಿನ ನಿಯಮಕ್ಕೆ ಕೈಹಾಕಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಜೋಡಿಸಿದ್ದೇನೆ. ದಯವಿಟ್ಟು ಕ್ರಮ ತಪ್ಪಿಸಬೇಡಿ.

## ಬೇಕಾಗುವ ಸಲಕರಣೆ

ಸಾಧಾರಣ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ಪೈಥಾನ್ 3 ಇರಲಿ. ಗೂಗಲ್‌ನ ಓಆರ್-ಟೂಲ್ಸ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಪೈಥಾನ್‌ನ ಅಳವಡಿಕೆ ಸಾಧನವಾದ ಪಿಪ್ ಮೂಲಕ ಅಳವಡಿಸಿಕೊಳ್ಳಿ. ಅದರೊಳಗಿನ ಸಿಪಿ-ಸ್ಯಾಟ್ ಎಂಬ ಸಾಲ್ವರ್ ನಮಗೆ ಬೇಕಾದದ್ದು. ಮಿನಿಜಿಂಕ್ (ಇಂಥ ಮಾದರಿಗಳನ್ನು ಬರೆಯುವ ಇನ್ನೊಂದು ಭಾಷೆ) ಬಲ್ಲವರು ಅದರಲ್ಲೂ ಮಾಡಬಹುದು, ಹಂತಗಳು ಬದಲಾಗುವುದಿಲ್ಲ.

ಲಾಟ್‌ಗಳ ವಿವರಕ್ಕೆ ಒಂದು ಎಕ್ಸೆಲ್ ಹಾಳೆ, ಚೌಕುಳಿ ಕಾಗದ, ಗಡಿಯಾರ ಮತ್ತು ಯಂತ್ರ ನಡೆಸುವವರೊಂದಿಗೆ ಕುಳಿತು ಮಾತನಾಡಲು ಒಂದು ಪೂರ್ತಿ ದಿನ ಬೇಕು. ಕೊನೆಯದನ್ನು ಬಿಟ್ಟವರ ಮಾದರಿ ಕಾಗದದಿಂದ ಆಚೆಗೆ ಹೋಗುವುದಿಲ್ಲ.

## ಹಂತ 1: ಯಂತ್ರದ ಮುಂದೆ ನಿಂತು ಅಂಕಿ ಬರೆದುಕೊಳ್ಳಿ

ಪ್ರತಿ ಲಾಟ್‌ಗೂ ನಾಲ್ಕು ಸಂಗತಿ ಬೇಕು: ಅದು ಯಾವ ಯಂತ್ರಗಳನ್ನು ಯಾವ ಕ್ರಮದಲ್ಲಿ ದಾಟುತ್ತದೆ, ಪ್ರತಿ ಯಂತ್ರದಲ್ಲಿ ಎಷ್ಟು ಹೊತ್ತು, ಯಾವಾಗಿನಿಂದ ಕೈಗೆ ಸಿಗುತ್ತದೆ, ಯಾವಾಗ ಮುಗಿಯಬೇಕು.

ಹೊತ್ತಿನ ಲೆಕ್ಕದಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಲಾಟ್‌ನ ತೂಕವನ್ನು ಒಮ್ಮೆ ಬರೆದು, ಅದನ್ನೇ ಎಲ್ಲ ಯಂತ್ರಗಳ ವೇಗದಿಂದ ಭಾಗಿಸುತ್ತಾರೆ. ಆದರೆ ಕಾಫಿ ಹಲ್ಲರ್‌ನಿಂದ ಹೊರಬಂದಾಗ ಅದೇ ತೂಕ ಇರುವುದಿಲ್ಲ. ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು) ಆದರೆ ಸುಮಾರು ಶೇಕಡಾ 80ರಷ್ಟು ಕ್ಲೀನ್ ಕಾಫಿ (ಸಿಪ್ಪೆ ಕಳೆದ ಕಾಳು) ಸಿಗುತ್ತದೆ, ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ್ದು) ಆದರೆ ಸುಮಾರು ಅರ್ಧ. 50 ಕಿಲೋದ 100 ಮೂಟೆ ಚೆರಿ ಎಂದರೆ ಹಲ್ಲರ್‌ಗೆ 5,000 ಕಿಲೋ, ಗ್ರೇಡರ್‌ಗೆ (ಕಾಳನ್ನು ಗಾತ್ರದಂತೆ ಬೇರ್ಪಡಿಸುವ ಯಂತ್ರಕ್ಕೆ) ಸುಮಾರು 2,500 ಕಿಲೋ. ಗ್ರೇಡರ್ ಗಂಟೆಗೆ 1,000 ಕಿಲೋ ನುಂಗುವುದಾದರೆ ಎರಡೂವರೆ ಗಂಟೆಯ ಕೆಲಸ. ಹಳೆಯ ತೂಕದಲ್ಲೇ ಲೆಕ್ಕ ಹಾಕಿದವರು ಐದು ಗಂಟೆ ಬರೆದಿರುತ್ತಾರೆ, ಅವರ ಇಡೀ ಪಟ್ಟಿ ಅಲ್ಲಿಂದಲೇ ಸುಳ್ಳಾಗುತ್ತದೆ. ಹಾಕಿದ ತೂಕಕ್ಕೆ ಎಷ್ಟು ಕ್ಲೀನ್ ಕಾಫಿ ಸಿಕ್ಕಿತು ಎಂಬ ನಿಮ್ಮ ಘಟಕದ ಔಟ್‌ಟರ್ನ್ ದಾಖಲೆಯಿಂದಲೇ ಅಂಕಿ ತೆಗೆದುಕೊಳ್ಳಿ.

ಇನ್ನೊಂದು ಸಂಗತಿ. ಗ್ರೇಡರ್ ದಾಟಿದ ಮೇಲೆ ಲಾಟ್ ಒಂದಾಗಿ ಉಳಿಯುವುದಿಲ್ಲ. ಎಎ, ಎ, ಬಿ, ಸಿ, ಪೀಬೆರಿ (ಹಣ್ಣಿನಲ್ಲಿ ಒಂಟಿಯಾಗಿ ಬೆಳೆದ ದುಂಡು ಕಾಳು) ಎಂಬ ಗ್ರೇಡ್‌ಗಳಾಗಿ ಒಡೆದುಕೊಳ್ಳುತ್ತದೆ. ಬಣ್ಣ ನೋಡಿ ಕೆಟ್ಟ ಕಾಳು ತೆಗೆಯುವ ಕಲರ್ ಸಾರ್ಟರ್‌ನಲ್ಲಿ ಪ್ರತಿ ಗ್ರೇಡ್ ಬೇರೆ ಬೇರೆಯಾಗಿ ನಡೆದರೆ, ಮಾದರಿಯಲ್ಲೂ ಅವು ಬೇರೆ ಬೇರೆ ಕೆಲಸಗಳಾಗಬೇಕು. ಎಲ್ಲ ಗ್ರೇಡ್‌ಗಳೂ ಮುಗಿದಾಗಲೇ ಲಾಟ್ ಮುಗಿಯಿತು ಎಂದು ಬರೆಯಿರಿ.

ಯಾವಾಗಿನಿಂದ ಕೈಗೆ ಸಿಗುತ್ತದೆ ಎಂಬಲ್ಲಿ ಲಾರಿ ಗೇಟಿಗೆ ಬಂದ ಹೊತ್ತನ್ನು ಬರೆಯಬೇಡಿ. ತೇವಾಂಶ ಪರೀಕ್ಷೆ ಮುಗಿದು, ಕಣಕ್ಕೆ ಮರಳಿ ಒಣಗಲು ಹೋಗಬೇಕಿಲ್ಲ ಎಂದು ಗೊತ್ತಾದ ಹೊತ್ತನ್ನು ಬರೆಯಿರಿ.

ಎಚ್ಚರಿಕೆಯ ಗುರುತು: ಎಲ್ಲ ಲಾಟ್‌ಗಳ ಹೊತ್ತೂ ಗುಂಡಗೆ 2, 3, 4 ಗಂಟೆ ಎಂದೇ ಇದ್ದರೆ ಯಾರೋ ಅಂದಾಜು ಹೇಳಿದ್ದಾರೆ, ಯಾರೂ ಗಡಿಯಾರ ನೋಡಿಲ್ಲ.

## ಹಂತ 2: ಕಾಲದ ಅಳತೆ ನಿಗದಿಮಾಡಿ

ಸಿಪಿ-ಸ್ಯಾಟ್ ಪೂರ್ಣಾಂಕಗಳನ್ನು ಮಾತ್ರ ಬಲ್ಲದು. ಎರಡೂವರೆ ಗಂಟೆ ಎಂಬುದು ಅದಕ್ಕೆ ಅರ್ಥವಾಗುವುದಿಲ್ಲ. ಕ್ಯೂರಿಂಗ್ ಕೆಲಸಕ್ಕೆ 15 ನಿಮಿಷವನ್ನು ಒಂದು ಘಟಕ ಮಾಡಿಕೊಳ್ಳುವುದು ಸಾಕಷ್ಟು ಸೂಕ್ಷ್ಮ. ಎರಡೂವರೆ ಗಂಟೆ 10 ಘಟಕವಾಗುತ್ತದೆ. ಭಾಗಿಸಿದಾಗ ಉಳಿದದ್ದನ್ನು ಯಾವಾಗಲೂ ಮೇಲಕ್ಕೆ ಏರಿಸಿ, ಕೆಳಕ್ಕೆ ಇಳಿಸಬೇಡಿ. ಕೆಳಕ್ಕೆ ಇಳಿಸಿದ ಐದೈದು ನಿಮಿಷಗಳು ಸಂಜೆಯ ಹೊತ್ತಿಗೆ ಸೇರಿಕೊಂಡು ಲಾರಿಯನ್ನು ಕಾಯಿಸುತ್ತವೆ.

ಸೆಕೆಂಡಿನಲ್ಲಿ ಅಳೆಯುವವರನ್ನೂ ನೋಡಿದ್ದೇನೆ. ಅದರಿಂದ ನಿಖರತೆ ಬರುವುದಿಲ್ಲ, ಸಾಲ್ವರ್‌ಗೆ ಹುಡುಕಲು ಬೇಡದ ಜಾಗ ಹೆಚ್ಚಾಗುತ್ತದೆ.

## ಹಂತ 3: ಕೈಯಲ್ಲೇ ಬಿಡಿಸಬಹುದಾದ ಚಿಕ್ಕ ಸಮಸ್ಯೆ ಮಾಡಿಕೊಳ್ಳಿ

ಇಡೀ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ ಹಂತ ಇದು. ಮೂರು ಲಾಟ್, ಮೂರು ಯಂತ್ರ ಸಾಕು. ಒಂದೇ ಹಲ್ಲರ್, ಒಂದು ಗ್ರೇಡರ್, ಒಂದು ಕಲರ್ ಸಾರ್ಟರ್ ಇರುವ ಚಿಕ್ಕ ಘಟಕ ಎಂದುಕೊಳ್ಳಿ. ದೊಡ್ಡ ಘಟಕಗಳಲ್ಲಿ ಚೆರಿಗೂ ಪಾರ್ಚ್‌ಮೆಂಟ್‌ಗೂ ಬೇರೆ ಬೇರೆ ಯಂತ್ರಗಳಿರುತ್ತವೆ. ಸದ್ಯಕ್ಕೆ ಅದನ್ನು ಮರೆಯೋಣ. ಎಲ್ಲ ಲಾಟ್‌ಗಳೂ ಇದೇ ಕ್ರಮದಲ್ಲಿ ಯಂತ್ರಗಳನ್ನು ದಾಟುತ್ತವೆ. ಈ ಚಿಕ್ಕ ಸಮಸ್ಯೆಯ ಮಟ್ಟಿಗೆ ಒಂದು ಗಂಟೆಯೇ ಒಂದು ಘಟಕವಾಗಿರಲಿ. ಹೊತ್ತು ಗಂಟೆಗಳಲ್ಲಿ ಹೀಗಿದೆ:

- ಲಾಟ್ 1, ಅರೇಬಿಕಾ ಪಾರ್ಚ್‌ಮೆಂಟ್: ಹಲ್ಲರ್ 3, ಗ್ರೇಡರ್ 2, ಸಾರ್ಟರ್ 4
- ಲಾಟ್ 2, ರೊಬಸ್ಟಾ ಚೆರಿ: ಹಲ್ಲರ್ 5, ಗ್ರೇಡರ್ 3, ಸಾರ್ಟರ್ 2
- ಲಾಟ್ 3, ರೊಬಸ್ಟಾ ಪಾರ್ಚ್‌ಮೆಂಟ್: ಹಲ್ಲರ್ 2, ಗ್ರೇಡರ್ 3, ಸಾರ್ಟರ್ 5

ಮೂರನ್ನೂ ಆದಷ್ಟು ಬೇಗ ಮುಗಿಸಬೇಕು. ಸಾರ್ಟರ್‌ಗೆ ಒಟ್ಟು 11 ಗಂಟೆ ಕೆಲಸವಿದೆ. ಯಾವ ಲಾಟ್ ಮೊದಲು ಹೊರಟರೂ ಸಾರ್ಟರ್ ಮುಟ್ಟಲು ಕನಿಷ್ಠ 5 ಗಂಟೆ ಬೇಕು. ಆದ್ದರಿಂದ 16 ಗಂಟೆಗಿಂತ ಮೊದಲು ಮುಗಿಯುವುದು ಯಾರಿಂದಲೂ ಸಾಧ್ಯವಿಲ್ಲ. ಈಗ ಚೌಕುಳಿ ಕಾಗದದ ಮೇಲೆ ಆರೂ ಕ್ರಮಗಳನ್ನು ಬರೆದು ನೋಡಿ. 1–3–2, 3–1–2, 3–2–1 ಈ ಮೂರು 16ಕ್ಕೆ ಮುಗಿಯುತ್ತವೆ. 1–2–3 ಮತ್ತು 2–1–3 ತೆಗೆದುಕೊಳ್ಳುವುದು 19. 2–3–1 ಎಲ್ಲಕ್ಕಿಂತ ಕೆಟ್ಟದು, 20.

ಈ ಹಾಳೆಯನ್ನು ಜೋಪಾನವಾಗಿಡಿ. ಮುಂದಿನ ಪ್ರತಿ ಹಂತದಲ್ಲೂ ನಿಮ್ಮ ಪ್ರೋಗ್ರಾಂ ಸರಿಯಿದೆಯೇ ಎಂದು ಹೇಳುವ ಸಾಕ್ಷಿ ಇದೊಂದೇ.

## ಹಂತ 4: ಮೊದಲ ಮಾದರಿ, ಮೂರೇ ನಿಯಮ

ಸಾಲ್ವರ್ ಹುಡುಕಿಕೊಡಬೇಕಾದ ಅಂಕಿಗೆ ಚರ ಎನ್ನುತ್ತಾರೆ. ಪ್ರತಿ ಲಾಟ್, ಪ್ರತಿ ಯಂತ್ರಕ್ಕೆ ಒಂದು ಇಂಟರ್ವಲ್ ಚರ ಮಾಡಿ. ಇಂಟರ್ವಲ್ ಎಂದರೆ ಆರಂಭ, ಅವಧಿ, ಅಂತ್ಯ ಈ ಮೂರನ್ನೂ ಕಟ್ಟಿಹಾಕಿದ ಒಂದು ತುಂಡು ಕಾಲ. ಒಂಬತ್ತು ಇಂಟರ್ವಲ್‌ಗಳಾಗುತ್ತವೆ.

ಮೊದಲ ನಿಯಮ: ಒಂದೇ ಲಾಟ್‌ನೊಳಗೆ, ಮುಂದಿನ ಯಂತ್ರದ ಆರಂಭ ಹಿಂದಿನ ಯಂತ್ರದ ಅಂತ್ಯಕ್ಕಿಂತ ಮೊದಲು ಬರಬಾರದು. ಎರಡನೇ ನಿಯಮ: ಪ್ರತಿ ಯಂತ್ರದ ಇಂಟರ್ವಲ್‌ಗಳನ್ನು ಒಟ್ಟುಗೂಡಿಸಿ ಆಡ್-ನೋ-ಓವರ್‌ಲ್ಯಾಪ್ ನಿರ್ಬಂಧಕ್ಕೆ ಕೊಡಿ, ಯಂತ್ರ ಒಂದು ಸಲಕ್ಕೆ ಒಂದೇ ಲಾಟ್ ನಡೆಸುತ್ತದೆ ಎಂದು ಹೇಳಿದಂತಾಯಿತು. ಮೂರನೆಯದು ಗುರಿ: ಯಾವ ಅಂತ್ಯಕ್ಕಿಂತಲೂ ಕಡಿಮೆಯಿಲ್ಲದ ಚರವೊಂದನ್ನು ಮಾಡಿ, ಅದನ್ನು ಕನಿಷ್ಠಗೊಳಿಸಿ.

ಲೀನಿಯರ್ ಪ್ರೋಗ್ರಾಮಿಂಗ್ ಕಲಿತು ಬಂದವರು ಇಲ್ಲಿ ಹಳೆಯ ಅಭ್ಯಾಸದಂತೆ ಪ್ರತಿ ಜೋಡಿ ಲಾಟ್‌ಗೂ ‘ಇದು ಮೊದಲೋ ಅದು ಮೊದಲೋ’ ಎಂಬ ಚರ ಬರೆದು, ದೊಡ್ಡದೊಂದು ಸಂಖ್ಯೆಯನ್ನು ಕೂಡಿಸಿ ಕಳೆಯುತ್ತಾರೆ. ಅದು ಬೇಡ. ನೋ-ಓವರ್‌ಲ್ಯಾಪ್ ಎಂಬ ಒಂದೇ ನಿರ್ಬಂಧ ಯಂತ್ರದ ಮೇಲಿನ ಎಲ್ಲ ಲಾಟ್‌ಗಳನ್ನೂ ಒಟ್ಟಿಗೆ ನೋಡಿ, ಸಾಧ್ಯವೇ ಇಲ್ಲದ ಆರಂಭದ ಹೊತ್ತುಗಳನ್ನು ಮೊದಲೇ ಅಳಿಸಿಹಾಕುತ್ತದೆ. ಕನ್‌ಸ್ಟ್ರೇಂಟ್ ಪ್ರೋಗ್ರಾಮಿಂಗ್‌ನ ಬಲವಿರುವುದೇ ಈ ಅಳಿಸುವಿಕೆಯಲ್ಲಿ. ಜೋಡಿ ಜೋಡಿಯಾಗಿ ಒಡೆದು ಬರೆದರೆ ಆ ಬಲವನ್ನು ನೀವೇ ಕಿತ್ತುಕೊಂಡಂತೆ.

ಚರಗಳ ಮೇಲಿನ ಮಿತಿಗೂ ಗಮನ ಕೊಡಿ. ಎಲ್ಲ ಕೆಲಸಗಳನ್ನೂ ಒಂದರ ಹಿಂದೆ ಒಂದು ಮಾಡಿದರೂ ಸಾಲುವಷ್ಟು ಕಾಲ ಇದ್ದರೆ ಸಾಕು. ನಮ್ಮ ಮೂರು ಲಾಟ್‌ಗಳಿಗೆ 9, 10, 10 ಸೇರಿ 29 ಗಂಟೆ. ಇಲ್ಲಿ ಒಂದು ಲಕ್ಷ ಎಂದು ಬರೆಯುವುದು ಸೋಮಾರಿತನ. 12 ಎಂದು ಬರೆದರೆ ಉತ್ತರವೇ ಇಲ್ಲವಾಗುತ್ತದೆ. ಮುಂದೆ ಶುಚಿಯ ಹೊತ್ತು, ಬಿಡುವು ಸೇರಿಸಿದಂತೆಲ್ಲ ಈ ಮಿತಿಯನ್ನೂ ಹಿಗ್ಗಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಓಡಿಸಿ. 16 ಬರಬೇಕು, ಸ್ಥಿತಿ ‘ಆಪ್ಟಿಮಲ್’ ಎಂದಿರಬೇಕು. ಮೇಲಿನ ಮೂರು ಕ್ರಮಗಳಲ್ಲಿ ಯಾವುದಾದರೂ ಬರಬಹುದು, ಪ್ರತಿ ಸಲ ಬೇರೆ ಬಂದರೂ ಗಾಬರಿ ಬೇಡ. ಬಿಡುವಿರುವ ಲಾಟ್ ಒಂದು ಗಂಟೆ ತಡವಾಗಿ ಶುರುವಾಗಿರಲೂಬಹುದು, ಕೊನೆಯ ಹೊತ್ತು ಬದಲಾಗದಿದ್ದರೆ ಸಾಲ್ವರ್‌ಗೆ ಅದರ ಚಿಂತೆಯಿಲ್ಲ.

ಇನ್ನೂ ದೃಢಪಡಿಸಿಕೊಳ್ಳಬೇಕೆಂದರೆ ಫಿಶರ್ ಮತ್ತು ಥಾಂಪ್ಸನ್ ಅವರ 1963ರ ಪರೀಕ್ಷಾ ಸಮಸ್ಯೆಗಳನ್ನು ಓಡಿಸಿ. ಆರು ಕೆಲಸ ಆರು ಯಂತ್ರದ ಸಮಸ್ಯೆಗೆ 55, ಹತ್ತು ಕೆಲಸ ಹತ್ತು ಯಂತ್ರದ್ದಕ್ಕೆ 930 ಬರಬೇಕು. ಬೇರೆ ಅಂಕಿ ಬಂದರೆ ಮುಂದಕ್ಕೆ ಹೋಗಬೇಡಿ.

## ಹಂತ 5: ಯಂತ್ರ ಶುಚಿಗೊಳಿಸುವ ಹೊತ್ತು

ರೊಬಸ್ಟಾ ನಡೆಸಿದ ಯಂತ್ರಕ್ಕೆ ಅರೇಬಿಕಾ ಸುರಿಯುವ ಮುನ್ನ ಕಾಳು ಪೂರ್ತಿ ಖಾಲಿಮಾಡಿ, ಗಾಳಿ ಹೊಡೆದು, ಕಾಳನ್ನು ಮೇಲೆತ್ತುವ ಎಲಿವೇಟರ್‌ನ ಮೂಲೆಗಳನ್ನೆಲ್ಲ ನೋಡಬೇಕು. ಇದಕ್ಕೆ ಪ್ರತಿ ಯಂತ್ರದಲ್ಲೂ 1 ಗಂಟೆ ಎಂದಿಟ್ಟುಕೊಳ್ಳೋಣ. ಉಳಿದ ಬದಲಾವಣೆಗಳಿಗೆ ಸೊನ್ನೆ.

ಈ ಹೊತ್ತನ್ನು ಲಾಟ್‌ನ ಅವಧಿಗೆ ಕೂಡಿಸಿಬಿಡುವುದು ಸುಲಭ ದಾರಿ ಮತ್ತು ತಪ್ಪು ದಾರಿ. ಶುಚಿಯ ಹೊತ್ತು ಲಾಟ್‌ಗೆ ಸೇರಿದ್ದಲ್ಲ, ಎರಡು ಲಾಟ್‌ಗಳ ಹಿಂದುಮುಂದಿಗೆ ಸೇರಿದ್ದು. ಇದಕ್ಕೆ ಆಡ್-ಸರ್ಕಿಟ್ ನಿರ್ಬಂಧ ಬೇಕು. ಪ್ರತಿ ಯಂತ್ರಕ್ಕೂ ಒಂದು ಸುತ್ತು ಕಲ್ಪಿಸಿಕೊಳ್ಳಿ: ಸೊನ್ನೆ ಎಂಬ ಸುಳ್ಳು ನಿಲ್ದಾಣದಿಂದ ಹೊರಟು, ಎಲ್ಲ ಲಾಟ್‌ಗಳನ್ನೂ ಒಮ್ಮೊಮ್ಮೆ ಮುಟ್ಟಿ, ಮತ್ತೆ ಸೊನ್ನೆಗೆ ಮರಳಬೇಕು. ಲಾಟ್ ‘ಕ’ದಿಂದ ಲಾಟ್ ‘ಖ’ಕ್ಕೆ ಹೋಗುವ ಪ್ರತಿ ದಾರಿಗೂ ಹೌದು-ಅಲ್ಲ ಚರವೊಂದಿರುತ್ತದೆ. ಅದು ಹೌದು ಆದಾಗ ಮಾತ್ರ ಖದ ಆರಂಭ, ಕದ ಅಂತ್ಯ ಮತ್ತು ಶುಚಿಯ ಹೊತ್ತು ಎರಡೂ ಸೇರಿದ ಮೇಲೆಯೇ ಆಗಬೇಕು ಎಂದು ಓನ್ಲಿ-ಎನ್‌ಫೋರ್ಸ್-ಇಫ್ ಬಳಸಿ ಬರೆಯಿರಿ. ಹಂತ 4ರ ನೋ-ಓವರ್‌ಲ್ಯಾಪ್ ಅನ್ನು ಅಳಿಸಬೇಡಿ. ಈಗ ಅದು ಹೆಚ್ಚುವರಿಯಂತೆ ಕಂಡರೂ ಹುಡುಕಾಟವನ್ನು ಚುರುಕಾಗಿಸುತ್ತದೆ.

ಸೊನ್ನೆಯಿಂದ ಹೊರಡುವ ದಾರಿಯಲ್ಲಿ ಒಂದು ಸೂಕ್ಷ್ಮವಿದೆ. ನಿನ್ನೆ ಸಂಜೆ ಆ ಯಂತ್ರ ಯಾವ ಕಾಫಿಯನ್ನು ನಡೆಸಿ ನಿಂತಿತು? ರೊಬಸ್ಟಾ ಆಗಿದ್ದರೆ, ಇಂದಿನ ಮೊದಲ ಲಾಟ್ ಅರೇಬಿಕಾ ಆದಾಗಲೂ ಒಂದು ಗಂಟೆ ಬೇಕು. ಕಂಪ್ಯೂಟರಿನ ಮಟ್ಟಿಗೆ ಪ್ರತಿ ಬೆಳಗೂ ಯಂತ್ರ ಹೊಚ್ಚ ಹೊಸದು; ನೀವು ಹೇಳದೆ ಅದಕ್ಕೆ ತಿಳಿಯುವುದಿಲ್ಲ.

ಈಗ ತಾಳೆ ನೋಡಿ. ಯಂತ್ರಗಳು ಶುಚಿಯಾಗಿಯೇ ಆರಂಭವಾಗುತ್ತವೆ ಎಂದರೆ, 16 ಗಂಟೆಯ ಮೂರು ಕ್ರಮಗಳಲ್ಲಿ 1–3–2 ಮಾತ್ರ 16ರಲ್ಲೇ ನಿಲ್ಲುತ್ತದೆ, ಅದರಲ್ಲಿ ಅರೇಬಿಕಾ ಮೊದಲೇ ಹೋಗಿರುತ್ತದೆ. ಉಳಿದೆರಡೂ 17 ಆಗುತ್ತವೆ. ಪ್ರೋಗ್ರಾಂ 1–3–2 ಬಿಟ್ಟು ಬೇರೆ ಕ್ರಮ ಕೊಟ್ಟರೆ ಹೆಚ್ಚಿನಂಶ ಶುಚಿಯ ಕೋಷ್ಟಕದಲ್ಲಿ ಸಾಲು ಮತ್ತು ಕಂಬ ಅದಲುಬದಲಾಗಿವೆ.

ದಾರಿಗಳ ಸಂಖ್ಯೆ ಲಾಟ್‌ಗಳ ಸಂಖ್ಯೆಯ ವರ್ಗದಷ್ಟು ಬೆಳೆಯುತ್ತದೆ. ಒಂದು ಯಂತ್ರದಲ್ಲಿ 50 ಲಾಟ್ ಎಂದರೆ ಸುಮಾರು 2,500 ದಾರಿ. ಒಂದೇ ತೋಟದ, ಒಂದೇ ಬಗೆಯ ಚಿಕ್ಕ ಲಾಟ್‌ಗಳನ್ನು ಮಾಲೀಕರ ಒಪ್ಪಿಗೆಯಿದ್ದರೆ ಮೊದಲೇ ಒಂದುಗೂಡಿಸಿ.

## ಹಂತ 6: ನಿಜವಾದ ಗುರಿ ಯಾವುದು ಎಂದು ಕೇಳಿ

ಪುಸ್ತಕಗಳೆಲ್ಲ ಒಟ್ಟು ಮುಗಿಯುವ ಹೊತ್ತನ್ನೇ ಗುರಿಯಾಗಿ ತೋರಿಸುತ್ತವೆ. ನಮ್ಮ ಕಡೆಯ ಯಾವ ಘಟಕದಲ್ಲೂ ಅದು ಮೊದಲ ಚಿಂತೆಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರು ಸೇರಬೇಕಾದ ಲಾರಿಗೆ ಹೊತ್ತು ನಿಗದಿಯಾಗಿರುತ್ತದೆ. ಆ ಲಾಟ್ ತಪ್ಪಿದರೆ, ಉಳಿದ ಮೂವತ್ತು ಲಾಟ್ ಒಂದು ಗಂಟೆ ಬೇಗ ಮುಗಿದು ಏನು ಪ್ರಯೋಜನ?

ನಮ್ಮ ಚಿಕ್ಕ ಸಮಸ್ಯೆಯಲ್ಲಿ ಲಾಟ್ 3ರ ಲಾರಿ 10ನೇ ಗಂಟೆಗೆ ಹೊರಡಬೇಕು ಎನ್ನೋಣ. ಹಂತ 5ರ ಉತ್ತರವಾದ 1–3–2ರಲ್ಲಿ ಲಾಟ್ 3 ಮುಗಿಯುವುದು 14ಕ್ಕೆ, ಅಂದರೆ ನಾಲ್ಕು ಗಂಟೆ ತಡ. ಅದೇ ಲಾಟ್ ಮೊದಲು ಹೊರಟರೆ ಸರಿಯಾಗಿ 10ಕ್ಕೆ ಮುಗಿಯುತ್ತದೆ, ಒಟ್ಟು ಕೆಲಸ 17ಕ್ಕೆ ಹೋಗುತ್ತದೆ. ಒಂದು ಗಂಟೆ ಕೊಟ್ಟು ನಾಲ್ಕು ಗಂಟೆಯ ತಡವನ್ನು ಅಳಿಸಿದಂತಾಯಿತು.

ಇದನ್ನು ಎರಡು ಸುತ್ತಿನಲ್ಲಿ ಮಾಡಿ. ಪ್ರತಿ ಲಾಟ್‌ಗೂ ತಡ ಎಂಬ ಚರವಿರಲಿ. ಅದು ಸೊನ್ನೆಗಿಂತ ಕಡಿಮೆಯಿಲ್ಲ, ಅಂತ್ಯದಿಂದ ಗಡುವನ್ನು ಕಳೆದದ್ದಕ್ಕಿಂತಲೂ ಕಡಿಮೆಯಿಲ್ಲ. ಮೊದಲ ಸುತ್ತಿನಲ್ಲಿ ತಡಗಳ ಮೊತ್ತವನ್ನು ಕನಿಷ್ಠಗೊಳಿಸಿ. ಬಂದ ಮೊತ್ತಕ್ಕಿಂತ ಹೆಚ್ಚಾಗಬಾರದು ಎಂಬ ನಿಯಮ ಸೇರಿಸಿ, ಎರಡನೇ ಸುತ್ತಿನಲ್ಲಿ ಒಟ್ಟು ಹೊತ್ತನ್ನು ಕನಿಷ್ಠಗೊಳಿಸಿ. ತಡಕ್ಕೆ 100, ಒಟ್ಟು ಹೊತ್ತಿಗೆ 1 ಎಂದು ತೂಕ ಕೊಟ್ಟು ಒಂದೇ ಸುತ್ತಿನಲ್ಲಿ ಮುಗಿಸಲೂಬಹುದು. ಆದರೆ ಆ 100 ಎಲ್ಲಿಂದ ಬಂತು ಎಂದು ಮಾಲೀಕರು ಕೇಳಿದರೆ ಉತ್ತರಿಸುವುದು ಕಷ್ಟ. ಎರಡು ಸುತ್ತನ್ನು ಯಾರಿಗಾದರೂ ವಿವರಿಸಬಹುದು.

## ಹಂತ 7: ಊಟ, ಪಾಳಿ, ರಾತ್ರಿ

ಬೆಳಿಗ್ಗೆ 8ರಿಂದ 1, ಮಧ್ಯಾಹ್ನ 2ರಿಂದ 6 ಕೆಲಸದ ಹೊತ್ತು ಎನ್ನೋಣ. ಹಲವರು ಊಟದ ಗಂಟೆಯನ್ನೂ ರಾತ್ರಿಯನ್ನೂ ಕದಲದ ಇಂಟರ್ವಲ್‌ಗಳಾಗಿ ಪ್ರತಿ ಯಂತ್ರದ ನೋ-ಓವರ್‌ಲ್ಯಾಪ್‌ಗೆ ಸೇರಿಸುತ್ತಾರೆ. ಅದು ಸರಿಯಾದ ವಿಧಾನವೇ, ಆದರೆ ಅದರ ಅರ್ಥವನ್ನು ತಿಳಿದಿರಬೇಕು: ಕೆಲಸವನ್ನು ಊಟಕ್ಕೆ ನಿಲ್ಲಿಸಿ ಮುಂದುವರಿಸುವಂತಿಲ್ಲ. ಲಾಟ್ 2ಕ್ಕೆ ಹಲ್ಲರ್‌ನಲ್ಲಿ 5 ಗಂಟೆ ಬೇಕು. ಮಧ್ಯಾಹ್ನದ ಪಾಳಿ ನಾಲ್ಕೇ ಗಂಟೆ. ಹಾಗಾಗಿ ಅದು ಬೆಳಗಿನ ಪಾಳಿಯಲ್ಲಿ ಮಾತ್ರ ಹಿಡಿಸುತ್ತದೆ. 1–3–2 ಕ್ರಮದಲ್ಲಾದರೆ ಮರುದಿನ ಬೆಳಿಗ್ಗೆ 8ರವರೆಗೆ ಕಾಯುತ್ತದೆ. ಊಟವನ್ನು 12ಕ್ಕೆ ಹಾಕಿ ನಾಲ್ಕು ನಾಲ್ಕು ಗಂಟೆಯ ಪಾಳಿ ಬರೆದಿರೋ, ಉತ್ತರವೇ ಇಲ್ಲ.

ವಾಸ್ತವದಲ್ಲಿ ಹಲ್ಲರ್ ಅನ್ನು ಊಟಕ್ಕೆ ನಿಲ್ಲಿಸಿ ಮತ್ತೆ ಹಚ್ಚುತ್ತಾರಲ್ಲವೇ? ಎಲ್ಲ ಯಂತ್ರಗಳೂ ಒಟ್ಟಿಗೇ ನಿಲ್ಲುವುದಾದರೆ ಸರಳ ಉಪಾಯವಿದೆ. ಬಿಡುವಿನ ಹೊತ್ತನ್ನು ಕಾಲರೇಖೆಯಿಂದಲೇ ಕತ್ತರಿಸಿ ಎಸೆಯಿರಿ. ದಿನವೊಂದಕ್ಕೆ 9 ಗಂಟೆ ಮಾತ್ರ ಉಳಿಯುತ್ತದೆ, ಮಾದರಿಯಲ್ಲಿ ಊಟವೂ ಇಲ್ಲ, ರಾತ್ರಿಯೂ ಇಲ್ಲ. ಪಟ್ಟಿ ಮುದ್ರಿಸುವಾಗ ಗಡಿಯಾರದ ಹೊತ್ತಿಗೆ ಮರಳಿ ಪರಿವರ್ತಿಸಿ. ಗಡುವುಗಳನ್ನೂ ಇದೇ ರೇಖೆಗೆ ತರಬೇಕು. ಸಂಜೆ 4ರ ಲಾರಿ ಎಂದರೆ 8ನೇ ಗಂಟೆಯಲ್ಲ, 7ನೇ ಗಂಟೆ. ಮರುದಿನ ಬೆಳಿಗ್ಗೆ 7ರ ಲಾರಿ ಎಂದರೆ 9. ಬಂದ ಮಾದರಿಗಳಲ್ಲಿ ನಾನು ಮೊದಲು ಹುಡುಕುವ ತಪ್ಪು ಇದೇ.

ಒಂದು ಯಂತ್ರ ರಾತ್ರಿಯೂ ಓಡಿ ಉಳಿದವು ನಿಲ್ಲುವುದಾದರೆ ಈ ಉಪಾಯ ಕೆಲಸಕ್ಕೆ ಬಾರದು. ಆಗ ಲಾಟ್ ಅನ್ನು ಬಿಡುವಿನ ನಡುವೆ ಹಿಡಿಸುವಷ್ಟು ಸಣ್ಣ ತುಂಡುಗಳಾಗಿ ಒಡೆದು, ಕದಲದ ಇಂಟರ್ವಲ್‌ಗಳನ್ನೇ ಬಳಸಿ.

## ಹಂತ 8: ಹಂಚಿಕೊಳ್ಳುವ ಸಂಪನ್ಮೂಲ

ಎರಡು ಕಲರ್ ಸಾರ್ಟರ್‌ಗಳಿದ್ದು ಅವು ತದ್ರೂಪವಾಗಿದ್ದರೆ, ಶುಚಿಯ ಲೆಕ್ಕ ಬೇಡವಾದಲ್ಲಿ, ಒಂದೇ ಹೊತ್ತಿನ ಒಟ್ಟು ಬಳಕೆ ಸಾಮರ್ಥ್ಯವನ್ನು ಮೀರದಂತೆ ನೋಡುವ ಆಡ್-ಕ್ಯುಮುಲೇಟಿವ್ ನಿರ್ಬಂಧಕ್ಕೆ ಸಾಮರ್ಥ್ಯ 2 ಎಂದು ಕೊಟ್ಟರೆ ಮುಗಿಯಿತು. ಯಾವ ಲಾಟ್ ಯಾವ ಸಾರ್ಟರ್‌ಗೆ ಎಂಬುದನ್ನು ಆಮೇಲೆ ಹಂಚಬಹುದು. ವೇಗ ಬೇರೆಯಿದ್ದರೆ ಅಥವಾ ಶುಚಿಯ ಲೆಕ್ಕ ಬೇಕಿದ್ದರೆ ಐಚ್ಛಿಕ (ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂಬಂಥ) ಇಂಟರ್ವಲ್‌ಗಳು ಬೇಕು: ಪ್ರತಿ ಯಂತ್ರಕ್ಕೂ ಒಂದೊಂದು, ಅವುಗಳಲ್ಲಿ ಸರಿಯಾಗಿ ಒಂದು ಮಾತ್ರ ನಿಜವಾಗಬೇಕು. ಆಗ ಸರ್ಕಿಟ್‌ನಲ್ಲಿ, ಆ ಯಂತ್ರಕ್ಕೆ ಬಾರದ ಲಾಟ್‌ಗಾಗಿ ತನ್ನಿಂದ ತನಗೇ ಹೋಗುವ ದಾರಿಯೊಂದನ್ನು ಇಡಬೇಕು. ಇಡದಿದ್ದರೆ ಪ್ರತಿ ಲಾಟ್ ಎರಡೂ ಯಂತ್ರಕ್ಕೆ ಹೋಗಬೇಕೆಂದು ಮಾದರಿ ಹಟ ಹಿಡಿಯುತ್ತದೆ.

ಮಂಜೂರಾದ ವಿದ್ಯುತ್ ಭಾರ, ಗಾರ್ಬ್ಲಿಂಗ್‌ಗೆ (ಕೆಟ್ಟ ಕಾಳನ್ನು ಕೈಯಿಂದ ಆರಿಸುವುದಕ್ಕೆ) ಕೂರುವ ಮಹಿಳೆಯರ ಸಂಖ್ಯೆ ಇವಕ್ಕೂ ಕ್ಯುಮುಲೇಟಿವ್ ನಿರ್ಬಂಧವೇ. ಪ್ರತಿ ಕೆಲಸಕ್ಕೆ ಎಷ್ಟು ಕಿಲೋವ್ಯಾಟ್, ಎಷ್ಟು ಜನ ಎಂದು ಪೂರ್ಣಾಂಕದಲ್ಲಿ ಕೊಡಿ.

ಎರಡು ಯಂತ್ರಗಳ ನಡುವೆ ಕಾಳು ತುಂಬಿಡುವ ತೊಟ್ಟಿಗಳು, ಅಂದರೆ ಬಿನ್‌ಗಳು, ಇವುಗಳಂತಲ್ಲ. ಬಿನ್ ತುಂಬುವುದು ಹಲ್ಲರ್ ಮುಗಿದಾಗ ಅಲ್ಲ, ಹಲ್ಲರ್ ಶುರುವಾದಾಗ. ಖಾಲಿಯಾಗುವುದು ಗ್ರೇಡರ್ ಮುಗಿದಾಗ. ಆದ್ದರಿಂದ ಹಲ್ಲರ್‌ನ ಆರಂಭದಿಂದ ಗ್ರೇಡರ್‌ನ ಅಂತ್ಯದವರೆಗೆ ಹಿಗ್ಗುವ ಬೇರೆಯೇ ಇಂಟರ್ವಲ್ ಮಾಡಿ, ಬಿನ್‌ಗಳ ಸಂಖ್ಯೆಯನ್ನು ಸಾಮರ್ಥ್ಯವಾಗಿ ಕೊಡಿ. ಇದನ್ನು ಬಿಟ್ಟರೆ ಹಲ್ಲರ್ ಎಲ್ಲ ಲಾಟ್‌ಗಳನ್ನೂ ಒಂದೇ ಸಮನೆ ಉಗುಳಿ, ಕ್ಲೀನ್ ಕಾಫಿ ಸುರಿಯಲು ಜಾಗವಿಲ್ಲದ ಪಟ್ಟಿ ಬರುತ್ತದೆ. ಮೇಲ್ವಿಚಾರಕರು ಮೊದಲ ನೋಟಕ್ಕೇ ಅದನ್ನು ತಿರಸ್ಕರಿಸುತ್ತಾರೆ, ತಿರಸ್ಕರಿಸಬೇಕು ಕೂಡ.

## ಹಂತ 9: ‘ಇನ್‌ಫೀಸಿಬಲ್’ ಬಂದಾಗ

ಮೊದಲು ಸ್ಥಿತಿಯನ್ನು ಸರಿಯಾಗಿ ಓದಿ. ‘ಆಪ್ಟಿಮಲ್’ ಎಂದರೆ ಇದಕ್ಕಿಂತ ಒಳ್ಳೆಯದಿಲ್ಲ ಎಂದು ಸಾಬೀತಾಗಿದೆ. ‘ಫೀಸಿಬಲ್’ ಎಂದರೆ ಉತ್ತರವಿದೆ, ಸಾಬೀತಾಗಿಲ್ಲ. ‘ಇನ್‌ಫೀಸಿಬಲ್’ ಎಂದರೆ ಉತ್ತರವಿಲ್ಲವೆಂದು ಸಾಬೀತಾಗಿದೆ. ‘ಅನ್‌ನೋನ್’ ಎಂದರೆ ಕೊಟ್ಟ ಹೊತ್ತಿನಲ್ಲಿ ಏನೂ ಸಿಗಲಿಲ್ಲ, ಅಷ್ಟೇ. ಅದನ್ನು ಇನ್‌ಫೀಸಿಬಲ್ ಎಂದು ಓದಿ ನಿಯಮಗಳನ್ನು ಅಳಿಸಲು ಹೊರಡಬೇಡಿ. ‘ಮಾಡೆಲ್ ಇನ್‌ವ್ಯಾಲಿಡ್’ ಎಂದರೆ ಮಾದರಿ ಬರೆದದ್ದರಲ್ಲೇ ದೋಷ.

ನಿಜಕ್ಕೂ ಇನ್‌ಫೀಸಿಬಲ್ ಆಗಿದ್ದರೆ ಕೊನೆಯದಾಗಿ ಸೇರಿಸಿದ ನಿಯಮವನ್ನು ತೆಗೆದು ಓಡಿಸಿ. ಒಂದೊಂದಾಗಿ ಸೇರಿಸುತ್ತ ಬಂದವರಿಗೆ ಕಳ್ಳ ಅಲ್ಲೇ ಸಿಗುತ್ತಾನೆ. ಎಲ್ಲವನ್ನೂ ಒಟ್ಟಿಗೆ ತುಂಬಿದವರು ಗಡುವಿನಂಥ ನಿಯಮಗಳಿಗೆ ಒಂದೊಂದು ಸ್ವಿಚ್ ಚರ ಕಟ್ಟಿ, ಅವನ್ನು ಆಡ್-ಅಸಂಪ್ಷನ್ಸ್‌ಗೆ ಕೊಟ್ಟು, ಪರಸ್ಪರ ಜಗಳವಾಡುವ ಗುಂಪನ್ನು ಸಾಲ್ವರ್‌ನಿಂದಲೇ ಕೇಳಬೇಕಾಗುತ್ತದೆ.

ಗಡುವುಗಳನ್ನು ಕಟ್ಟುನಿಟ್ಟಿನ ನಿಯಮವಾಗಿ ಬರೆಯದಿರುವುದು ಇನ್ನೂ ಒಳ್ಳೆಯದು. ನಮ್ಮ ಲಾಟ್ 3ಕ್ಕೆ 9ನೇ ಗಂಟೆಯ ಗಡುವು ಕೊಟ್ಟು ನೋಡಿ. ಅದರ ಕೆಲಸವೇ 2, 3, 5 ಸೇರಿ 10 ಗಂಟೆ; ಕಟ್ಟುನಿಟ್ಟಾಗಿ ಬರೆದರೆ ಇನ್‌ಫೀಸಿಬಲ್ ಎಂಬ ಒಂದು ಪದ ಬಿಟ್ಟು ಬೇರೇನೂ ಸಿಗುವುದಿಲ್ಲ. ಹಂತ 6ರಂತೆ ತಡವೆಂದು ಬರೆದರೆ ಲಾಟ್ 3 ಒಂದು ಗಂಟೆ ತಡ ಎಂದು ಬರುತ್ತದೆ. ಆ ಮಾತು ಹಿಡಿದು ಲಾರಿಯವರಿಗೆ ಫೋನ್ ಮಾಡಬಹುದು.

## ಹಂತ 10: ನಿಧಾನವಾದಾಗ

ಹುಡುಕಾಟದ ದಾಖಲೆಯನ್ನು ಪರದೆಯ ಮೇಲೆ ತೋರಿಸುವ ಆಯ್ಕೆಯನ್ನು ಹಚ್ಚಿ. ಅದರಲ್ಲಿ ಎರಡು ಅಂಕಿ ನೋಡಿ: ಇದುವರೆಗೆ ಸಿಕ್ಕ ಅತ್ಯುತ್ತಮ ಉತ್ತರ ಮತ್ತು ಇದಕ್ಕಿಂತ ಕೆಳಗಿಳಿಯಲಾಗದು ಎಂಬ ಕೆಳಮಿತಿ. ಉತ್ತರ ಇಳಿಯುತ್ತಲೇ ಇದ್ದರೆ ಕಾಯಿರಿ. ಉತ್ತರ ನಿಂತು ಕೆಳಮಿತಿ ಮಾತ್ರ ಆಮೆಯಂತೆ ಏರುತ್ತಿದ್ದರೆ ನಿಲ್ಲಿಸಿ. ತಡಗಳ ಮೊತ್ತ ಗುರಿಯಾದಾಗ ಕೆಳಮಿತಿ ಬಹಳ ಹೊತ್ತು ದುರ್ಬಲವಾಗಿಯೇ ಉಳಿಯುವುದು ಸಾಮಾನ್ಯ. ಘಟಕಕ್ಕೆ ಬೇಕಿರುವುದು ಬೆಳಿಗ್ಗೆ ಏಳೂವರೆಗೆ ಒಂದು ಒಳ್ಳೆಯ ಪಟ್ಟಿ, ಸಾಬೀತಲ್ಲ. ಐದು ನಿಮಿಷದ ಮಿತಿ ಹಾಕಿ, ಕಂಪ್ಯೂಟರಿನ ಎಲ್ಲ ಕೋರ್‌ಗಳನ್ನೂ ಬಳಸಲು ಬಿಡಿ.

ಆಗಲೂ ಸಾಲದಿದ್ದರೆ ಹಂತ 4ರಲ್ಲಿ ಹೇಳಿದ ಚರಗಳ ಮೇಲಿನ ಮಿತಿಯನ್ನು ಬಿಗಿಗೊಳಿಸಿ, ನಿನ್ನೆಯ ಪಟ್ಟಿಯನ್ನು ಆಡ್-ಹಿಂಟ್ ಮೂಲಕ ಸುಳಿವಾಗಿ ಕೊಡಿ, ತಿಂಗಳಿನದ್ದನ್ನು ಬಿಟ್ಟು ಮೂರು ದಿನದ್ದನ್ನು ಮಾತ್ರ ಬಿಡಿಸಿ. ತಿಂಗಳ ಕೊನೆಯಲ್ಲಿ ಯಾವ ತೋಟದಿಂದ ಎಷ್ಟು ಮೂಟೆ ಬರುತ್ತದೆ ಎಂದು ಈಗಲೇ ತಿಳಿದವರು ಯಾರೂ ಇಲ್ಲ.

## ಹಂತ 11: ಸಾಲ್ವರ್‌ನ ಉತ್ತರವನ್ನು ಬೇರೆಯಾಗಿ ಪರೀಕ್ಷಿಸಿ

ಸಾಲ್ವರ್ ನೀವು ಬರೆದ ನಿಯಮಗಳನ್ನು ಪಾಲಿಸುತ್ತದೆ, ನೀವು ಅಂದುಕೊಂಡ ನಿಯಮಗಳನ್ನಲ್ಲ. ಆದ್ದರಿಂದ ಮಾದರಿಗೆ ಸಂಬಂಧವೇ ಇಲ್ಲದ ಚಿಕ್ಕ ಪರೀಕ್ಷಕ ಪ್ರೋಗ್ರಾಂ ಒಂದನ್ನು ಬರೆಯಿರಿ. ಅದು ಮುದ್ರಿತ ಪಟ್ಟಿಯನ್ನೂ ಮೂಲ ಎಕ್ಸೆಲ್ ಹಾಳೆಯನ್ನೂ ಮಾತ್ರ ಓದಬೇಕು. ಯಾವ ಯಂತ್ರದಲ್ಲಾದರೂ ಎರಡು ಲಾಟ್ ಒಂದರ ಮೇಲೊಂದು ಬಿದ್ದಿವೆಯೇ, ರೊಬಸ್ಟಾ ಆದ ಮೇಲೆ ಅರೇಬಿಕಾಗೆ ಒಂದು ಗಂಟೆ ಇದೆಯೇ, ಬಿಡುವಿನಲ್ಲಿ ಏನಾದರೂ ಶುರುವಾಗಿದೆಯೇ ಎಂದು ನೋಡಬೇಕು. ಸಾಧ್ಯವಾದರೆ ಇದನ್ನು ಮಾದರಿ ಬರೆದವರಲ್ಲದೆ ಬೇರೊಬ್ಬರು ಬರೆಯಲಿ.

ಪಟ್ಟಿಯನ್ನು ಯಂತ್ರಕ್ಕೊಂದು ಹಾಳೆಯಂತೆ, ಗಡಿಯಾರದ ಹೊತ್ತಿನಲ್ಲಿ, ಕನ್ನಡದಲ್ಲಿ ಮುದ್ರಿಸಿ. ಲಾಟ್ ಸಂಖ್ಯೆ, ಬಗೆ, ಮೂಟೆ, ಆರಂಭ, ಅಂತ್ಯ, ಮಧ್ಯೆ ಶುಚಿ ಬೇಕೇ ಎಂಬ ಕಾಲಂ ಸಾಕು. ಕೆಲಸಗಳನ್ನು ಕಾಲರೇಖೆಯ ಮೇಲೆ ಅಡ್ಡಪಟ್ಟಿಗಳಾಗಿ ತೋರಿಸುವ ಬಣ್ಣದ ಗ್ಯಾಂಟ್ ಚಿತ್ರ ಕಚೇರಿಯ ಗೋಡೆಗೆ ಚೆನ್ನ, ಹಲ್ಲರ್ ಪಕ್ಕದಲ್ಲಿ ಅದನ್ನು ಯಾರೂ ಓದುವುದಿಲ್ಲ.

## ಹಂತ 12: ಮಧ್ಯಾಹ್ನ ಪಟ್ಟಿ ಮುರಿದಾಗ

ಕರೆಂಟ್ ಹೋಗುತ್ತದೆ, ಬೆಲ್ಟ್ ಹರಿಯುತ್ತದೆ, ತೇವಾಂಶ ಹೆಚ್ಚಾದ ಲಾಟ್ ಕಣಕ್ಕೆ ಮರಳುತ್ತದೆ. ಆಗ ಮತ್ತೆ ಮೊದಲಿನಿಂದ ಓಡಿಸಿದರೆ, ಒಟ್ಟು ಹೊತ್ತು ಒಂದೇ ಆಗಿದ್ದರೂ ಕ್ರಮ ಪೂರ್ತಿ ಬೇರೆ ಬರಬಹುದು. ಆಗಲೇ ಹೊತ್ತು ತಂದು ಯಂತ್ರದ ಬಳಿ ಇಳಿಸಿದ ಮೂಟೆಗಳನ್ನು ಹಮಾಲಿಗಳು ಮರಳಿ ಗೋದಾಮಿಗೆ ಹೊರಬೇಕಾಗುತ್ತದೆ.

ಮುಗಿದ ಕೆಲಸಗಳನ್ನು ತೆಗೆಯಿರಿ. ನಡೆಯುತ್ತಿರುವ ಕೆಲಸದ ಆರಂಭವನ್ನು ಸ್ಥಿರಗೊಳಿಸಿ, ಉಳಿದ ಅವಧಿಯನ್ನು ಯಂತ್ರದ ಮುಂದೆ ನಿಂತವರನ್ನು ಕೇಳಿ ತಿದ್ದಿ. ಮುಂದಿನ ಎರಡು ಗಂಟೆಯೊಳಗೆ ಶುರುವಾಗಬೇಕಿದ್ದ ಲಾಟ್‌ಗಳ ಕ್ರಮವನ್ನು ಹಾಗೆಯೇ ಕಟ್ಟಿಹಾಕಿ. ಅದರಾಚೆಗಿನವನ್ನು ಹಳೆಯ ಹೊತ್ತಿನ ಸುಳಿವಿನೊಂದಿಗೆ ಬಿಡಿ. ಎರಡನೇ ಸುತ್ತಿನ ಗುರಿಯನ್ನೂ ಬದಲಿಸಿ: ಒಟ್ಟು ಹೊತ್ತಿನ ಬದಲು, ಹಳೆಯ ಆರಂಭಕ್ಕೂ ಹೊಸ ಆರಂಭಕ್ಕೂ ಇರುವ ಅಂತರಗಳ ಮೊತ್ತ ಕನಿಷ್ಠವಾಗಲಿ. ಸರ್ಕಿಟ್‌ನ ಸೊನ್ನೆ ನಿಲ್ದಾಣಕ್ಕೆ ಈ ಕ್ಷಣ ಯಂತ್ರದಲ್ಲಿ ಯಾವ ಬಗೆಯ ಕಾಫಿ ಇದೆ ಎಂಬುದನ್ನೂ ಹೊಸದಾಗಿ ತುಂಬಿ. ಬೆಳಗಿನ ಮಾಹಿತಿಯೇ ಅಲ್ಲಿ ಉಳಿದರೆ ಪರೀಕ್ಷಕ ಪ್ರೋಗ್ರಾಂ ಕೂಡ ಹಿಡಿಯದ ತಪ್ಪಾಗಿ, ಅರೇಬಿಕಾ ಲಾಟ್‌ನೊಳಗೆ ರೊಬಸ್ಟಾ ಕಾಳು ಸೇರುತ್ತದೆ.